ಕ್ಷೀಣ ವಿದ್ಯುತ್ತೂ ನರತಂತುವಿನ ಬೆಳವಣಿಗೆಯೂ

ನರಕೋಶವು ತನ್ನ ಪೊರೆಯ ಒಳಹೊರಗುಗಳ ನಡುವೆ ಸುಮಾರು 70 ಮಿಲಿವೋಲ್ಟಿನ ವಿಭವಾಂತರವನ್ನು ಸದಾ ಧರಿಸಿರುತ್ತದೆ. ಆ ಪೊರೆಯಾದರೋ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟೂ ದಪ್ಪವಿಲ್ಲದುದರಿಂದ, ಅದರೊಳಗಣ ವಿದ್ಯುತ್ ಕ್ಷೇತ್ರವು ಅತಿ ಪ್ರಬಲವಾದುದು. ಇಂಥ ಕೋಶವನ್ನು ಹೊರಗಣ ದುರ್ಬಲ ಕ್ಷೇತ್ರವೊಂದು ಅಲುಗಿಸೀತೆಂದು ನಂಬುವುದು ಕಷ್ಟ. ಆದರೂ 1981ರಲ್ಲಿ ಹಿಂಕಲ್, ಮೆಕೇಗ್, ರಾಬಿನ್ಸನ್ ಎಂಬ ವಿಜ್ಞಾನಿಗಳು ಝೆನೊಪಸ್ ಎಂಬ ದಕ್ಷಿಣ ಆಫ್ರಿಕದ ಕಪ್ಪೆಯ ಭ್ರೂಣದಿಂದ ನರಕೋಶಗಳನ್ನು ಬೇರ್ಪಡಿಸಿ ಪೋಷಕದ್ರವದಲ್ಲಿರಿಸಿ, ಮಿಲಿಮೀಟರಿಗೆ 7 ಮಿಲಿವೋಲ್ಟಿನಷ್ಟು ಅಲ್ಪ ಕ್ಷೇತ್ರವನ್ನು ಪ್ರಯೋಗಿಸಿದಾಗಲೂ, ಅವುಗಳಿಂದ ಹೊರಟ ತಂತುಗಳು ಋಣಧ್ರುವದ ಕಡೆಗೆ ಬಾಗಿ ಬೆಳೆದುವು. ತಂತುವಿನ ತುದಿಯಲ್ಲಿರುವ ವೃದ್ಧಿಶಂಕುವಿನ ಅಗಲವನ್ನು ಮಿಲಿಮೀಟರಿನ ನೂರನೆಯ ಒಂದು ಪಾಲೆಂದು ಎಣಿಸಿದರೆ, ಅದರ ಎರಡು ಅಂಚುಗಳ ನಡುವಣ ವಿಭವಾಂತರವು ಪೊರೆಯ ಸ್ವಂತ ವಿಭವಾಂತರದ ಸಹಸ್ರಾಂಶ ಮಾತ್ರ!

ಈ ಒಗಟಿಗೆ ದೊರೆತ ಉತ್ತರವು ಜೀವವಿಜ್ಞಾನದ ಅತ್ಯಂತ ರಮಣೀಯ ಚಿಂತನೆಗಳಲ್ಲೊಂದೆಂದು ನನಗೆ ತೋರುತ್ತದೆ. ಕೋಶಪೊರೆಯು ಗಟ್ಟಿಯಾದ ಗೋಡೆಯಲ್ಲ, ಪ್ರೋಟೀನುಗಳು ತೇಲಾಡುವ ಮೇದಸ್ಸಿನ ದ್ರವಪದರವೆಂದು ಸಿಂಗರ್ ಮತ್ತು ನಿಕಲ್ಸನ್ 1972ರಲ್ಲಿ ಪ್ರತಿಪಾದಿಸಿದ್ದರು. ಹಾಗಿದ್ದಮೇಲೆ ಹೊರಗಣ ಕ್ಷೇತ್ರವು ಪೊರೆಯನ್ನು ಭೇದಿಸಬೇಕಾಗಿಯೇ ಇಲ್ಲ. ಅದರ ಮೈಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳನ್ನು ಮೆಲ್ಲಮೆಲ್ಲನೆ ಒಂದು ಕಡೆಗೆ ಸರಿಸಿದರೆ ಸಾಕು. 1977ರಲ್ಲಿ ಪೂ ಮತ್ತು ರಾಬಿನ್ಸನ್ ಕಪ್ಪೆಯ ಭ್ರೂಣದ ಸ್ನಾಯುಕೋಶಗಳಲ್ಲಿ, ಕಾಂಕನವಾಲಿನ್-ಎ ಎಂಬ ಸಸ್ಯಪ್ರೋಟೀನು ಅಂಟಿಕೊಳ್ಳುವ ಗ್ರಾಹಕಗಳು ಹೀಗೆ ಒಂದೆಡೆ ಕೂಡುವುದನ್ನು ಕಂಡರು. ಮರುವರ್ಷವೇ ಒರಿಡಾ ಮತ್ತು ಪೂ, ನರಸಂದೇಶವನ್ನು ಸ್ನಾಯುವಿಗೆ ಮುಟ್ಟಿಸುವ ಅಸಿಟೈಲ್‌ಕೋಲಿನ್ ಗ್ರಾಹಕಗಳೂ ಹಾಗೆಯೇ ಸರಿಯುವುವೆಂದು ತೋರಿಸಿದರು.

ಆದರೆ ಇಲ್ಲೊಂದು ವಿಚಿತ್ರವುಂಟು. ಕೋಶದ ಮೇಲ್ಮೈಯ ಪ್ರೋಟೀನುಗಳು ಬಹುಮಟ್ಟಿಗೆ ಋಣಾವೇಶವುಳ್ಳವು. ಅವು ಧನಧ್ರುವದತ್ತ ಹೋಗಬೇಕಾಗಿತ್ತು, ಹೋದುದು ಋಣಧ್ರುವದತ್ತ. 1981ರಲ್ಲಿ ಮೆಕ್‌ಲಾಫ್ಲಿನ್ ಮತ್ತು ಪೂ ಕೊಟ್ಟ ವಿವರಣೆಯಂತೆ, ಋಣಾವೇಶದ ಮೇಲ್ಮೈ ತನ್ನ ಸುತ್ತ ಧನ ಅಯಾನುಗಳನ್ನು ಸೆಳೆದುಕೊಂಡಿರುತ್ತದೆ. ಕ್ಷೇತ್ರವು ಆ ಅಯಾನುಗಳನ್ನು ಎಳೆದಾಗ ಅವುಗಳೊಡನೆ ನೀರಿನ ತೆಳುಪದರವೂ ಹರಿದು, ಹೊಳೆಗೆ ಬಿದ್ದ ಎಲೆಯಂತೆ ಗ್ರಾಹಕಗಳನ್ನು ಕೊಂಡೊಯ್ಯುತ್ತದೆ. ಇದು ಬರಿಯ ಊಹೆಯಾಗಿ ಉಳಿಯಲಿಲ್ಲ: ನ್ಯೂರಾಮಿನಿಡೇಸ್ ಎಂಬ ಕಿಣ್ವದಿಂದ ಮೇಲ್ಮೈಯ ಸಿಯಾಲಿಕ್ ಆಮ್ಲವನ್ನು ಕತ್ತರಿಸಿ ತೆಗೆದು, ಅದರ ಋಣಾವೇಶವನ್ನು ತಗ್ಗಿಸಿದೊಡನೆ ಗ್ರಾಹಕಗಳು ದಿಕ್ಕು ಬದಲಿಸಿ ಧನಧ್ರುವದ ಕಡೆ ನೆರೆದುವು.

ಈ ಸಂಚಾರಕ್ಕೂ ತಂತುವಿನ ಬಾಗುವಿಕೆಗೂ ನಿಕಟ ಸಂಬಂಧವಿರುವುದಕ್ಕೆ 1982ರಲ್ಲಿ ಪಟೇಲ್ ಮತ್ತು ಪೂ ಸಾಕ್ಷ್ಯವೊದಗಿಸಿದರು. ಕಾಂಕನವಾಲಿನ್-ಎಯನ್ನು ಬೆರೆಸಿ ಗ್ರಾಹಕಗಳನ್ನು ಒಂದಕ್ಕೊಂದು ಬಿಗಿದಾಗ, ತಂತುಗಳು ಕ್ಷೇತ್ರಕ್ಕೆ ಓಗೊಡಲಿಲ್ಲ. ಗಾಯಗೊಂಡ ಚರ್ಮದ ಅಂಚಿನಲ್ಲಿ ದೇಹವೇ ಉಂಟುಮಾಡುವ ಕ್ಷೇತ್ರವು ಮಿಲಿಮೀಟರಿಗೆ 40 ಮಿಲಿವೋಲ್ಟನ್ನೂ ಮೀರಬಲ್ಲುದಾದ ಕಾರಣ, ಇದು ಪ್ರಯೋಗಶಾಲೆಯ ಕುತೂಹಲವಷ್ಟೇ ಅಲ್ಲ. ಆದರೆ ಕಪ್ಪೆಗೆ ಸಂದುದೆಲ್ಲವೂ ಎಲ್ಲ ಪ್ರಾಣಿಗಳಿಗೂ ಸಲ್ಲುವುದೆಂದು ಹೇಳುವಂತಿಲ್ಲ: ಕಪ್ಪೆಯ ತಂತುಗಳೇ ಪಾಲಿಲೈಸಿನ್ ಲೇಪಿಸಿದ ತಳದ ಮೇಲೆ ಧನಧ್ರುವಕ್ಕೆ ತಿರುಗಿದುವು, 2007ರಲ್ಲಿ ಪರೀಕ್ಷಿಸಿದ ಜೀಬ್ರಾಮೀನಿನ ಭ್ರೂಣದ ನರಗಳು ಯಾವ ಕಡೆಗೂ ಬಾಗಲಿಲ್ಲ.