ಬರೆ ಕುಸಿದಾಗ ದೇವರನ್ನು ಏನೆಂದು ಕೇಳುವುದು?

2020ರ ಆಗಸ್ಟ್ ಮೊದಲ ವಾರ. ಬಿಡದೆ ಸುರಿದ ಮಳೆಗೆ ಕೊಡಗಿನಲ್ಲಿ ಕಾವೇರಿ ಹುಟ್ಟುವ ತಲಕಾವೇರಿಯ ಬೆಟ್ಟ ರಾತ್ರಿ ಹೊತ್ತಿನಲ್ಲಿ ಜರಿಯಿತು. ಕ್ಷೇತ್ರದ ಪ್ರಧಾನ ಅರ್ಚಕರೂ ಸೇರಿ ಐವರು ಮನೆಗಳ ಸಮೇತ ಮಣ್ಣಿನಡಿ ಸಿಕ್ಕಿಬಿದ್ದರು. ಅದಕ್ಕೆ ಎರಡು ವರ್ಷ ಮೊದಲು, 2018ರ ಆಗಸ್ಟ್‌ನಲ್ಲಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಕೆಳಗಿಳಿದಿದ್ದವು. 2019ರಲ್ಲಿ ವಿರಾಜಪೇಟೆ ತಾಲೂಕಿನ ತೋರದಲ್ಲಿ ಮತ್ತೆ ಅದೇ ಆಯಿತು.

ಮೂರು ಮಳೆಗಾಲ ಸಾಲಾಗಿ ಹೀಗಾದ ಮೇಲೆ ಕೊಡಗಿನಲ್ಲಿ ಎರಡು ಬಗೆಯ ಮಾತು ಓಡಾಡಿತು. ಕಾವೇರಮ್ಮ ಮುನಿದಿದ್ದಾಳೆ ಎನ್ನುವುದು ಒಂದು. ಅವಳ ಪೂಜೆ ಮಾಡುತ್ತಿದ್ದವರನ್ನೇ ಕಾಯದಿದ್ದರೆ ದೇವರು ಇದ್ದೇನು ಬಂತು ಎನ್ನುವುದು ಇನ್ನೊಂದು. ಕೇಳಲು ಎರಡೂ ಎದುರುಬದುರು. ಆದರೆ ಬೆಟ್ಟ ಕುಸಿಯುವುದು ದೇವರ ಕೈಯಲ್ಲಿತ್ತು ಎಂದು ಎರಡೂ ಒಪ್ಪಿಕೊಂಡುಬಿಟ್ಟಿವೆ. ಈ ಅಧ್ಯಾಯ ಪರೀಕ್ಷಿಸುವುದು ಆ ಒಪ್ಪಿಗೆಯನ್ನು.

ಹಳೆಯ ತೊಡಕು

ದೇವರಿಗೆ ಎಲ್ಲವೂ ಗೊತ್ತು, ಎಲ್ಲವೂ ಸಾಧ್ಯ, ಜೊತೆಗೆ ಅವನು ಕರುಣಾಳು. ಈ ಮೂರೂ ನಿಜವಾಗಿದ್ದರೆ ತಪ್ಪು ಮಾಡದವರು ಏಕೆ ನರಳಬೇಕು? ಜಗತ್ತಿನ ಹಲವು ಧರ್ಮಚಿಂತನೆಗಳು ಎದುರಿಸಿದ ಪ್ರಶ್ನೆ ಇದು.

ಜೈನರು ಪ್ರಶ್ನೆಯ ಬುಡಕ್ಕೇ ಕೈಹಾಕಿದರು. ಅವರ ಮತದಲ್ಲಿ ಲೋಕವನ್ನು ಸೃಷ್ಟಿಸಿ ನಡೆಸುವ ಒಡೆಯನೇ ಇಲ್ಲ. ಕರ್ಮ ತನ್ನಷ್ಟಕ್ಕೆ ಫಲ ಕೊಡುತ್ತದೆ. ವೇದಾಂತಿಗಳು ದೇವರನ್ನು ಉಳಿಸಿಕೊಂಡು ಉತ್ತರ ಹುಡುಕಿದರು. ಲೋಕದಲ್ಲಿ ಒಬ್ಬ ಸುಖಿ, ಇನ್ನೊಬ್ಬ ದುಃಖಿ ಆಗಿರುವುದರಿಂದ ದೇವರು ಪಕ್ಷಪಾತಿ, ನಿರ್ದಯಿ ಎಂದಾಗುವುದಿಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರಗಳು ನೇರವಾಗಿಯೇ ಎತ್ತಿಕೊಳ್ಳುತ್ತವೆ. ಅದಕ್ಕೆ ಭಾಷ್ಯ ಬರೆದ ಶಂಕರರು ಕೊಟ್ಟ ಉಪಮೆ ಮಳೆಯದು. ಮಳೆ ಎಲ್ಲ ಗದ್ದೆಗೂ ಒಂದೇ; ಭತ್ತ ಬೆಳೆಯಿತೋ ಜವೆಗೋಧಿ ಬೆಳೆಯಿತೋ ಎಂಬುದು ಬೀಜಕ್ಕೆ ಸೇರಿದ್ದು. ದೇವರು ಮಳೆ, ಜೀವಿಯ ಕರ್ಮ ಬೀಜ.

ಉಪಮೆ ಚೆನ್ನಾಗಿದೆ. ಆದರೆ ಗುಡ್ಡದ ಬುಡದಲ್ಲಿ, ತೋಟದ ಕೂಲಿಕಾರರ ಸಾಲುಮನೆಯಾದ ಲೈನ್‌ಮನೆಯಲ್ಲಿ ಮಲಗಿದ್ದ ಮಗುವಿನ ಮೇಲೆ ಮಣ್ಣು ಬಿದ್ದಿದೆ ಎಂದುಕೊಳ್ಳಿ. ಆಗ ಈ ಉತ್ತರ ದೇವರನ್ನು ದೂರಿನಿಂದ ಬಿಡಿಸಿ ಅದೇ ದೂರನ್ನು ಮಗುವಿನ ತಲೆಗೆ ಕಟ್ಟುತ್ತದೆ. ಮಗು ಯಾವ ಜನ್ಮದಲ್ಲಿ ಏನು ಮಾಡಿತ್ತೆಂದು ನೋಡಿ ಹೇಳುವವರು ಯಾರೂ ಇಲ್ಲ. ‘ಮಾಡಿದ್ದುಣ್ಣೋ ಮಹರಾಯ’ ಎಂಬುದನ್ನು ನನಗೆ ನಾನೇ ಹೇಳಿಕೊಂಡರೆ ಅದು ಎಚ್ಚರ. ನೊಂದವನಿಗೆ ಹೇಳಿದರೆ ಗಾಯಕ್ಕೆ ಉಪ್ಪು.

ಬರೆ ಹೇಗೆ ಕುಸಿಯುತ್ತದೆ?

ಗುಡ್ಡದ ಕಡಿದಾದ ಇಳಿಜಾರನ್ನು ಕೊಡಗಿನವರು ‘ಬರೆ’ ಎನ್ನುತ್ತಾರೆ. ಅವರು ‘ಬರೆ ಕುಸಿತ’ ಎನ್ನುವ ಘಟನೆಯ ಒಳಗುಟ್ಟು ಹೀಗಿದೆ. ಇಲ್ಲಿನ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ಶಿಥಿಲಗೊಂಡ ಮಣ್ಣಿನ ದಪ್ಪ ಪದರವಿದೆ. ಮಳೆನೀರು ಇಂಗುತ್ತ ಹೋದಂತೆ ಮಣ್ಣಿನ ಭಾರ ಹೆಚ್ಚುತ್ತದೆ. ಕಣಗಳ ನಡುವೆ ತುಂಬಿದ ನೀರಿನ ಒತ್ತಡ ಅವುಗಳ ಪರಸ್ಪರ ಹಿಡಿತವನ್ನು ಸಡಿಲಿಸುತ್ತದೆ. ಒಂದು ಹಂತ ದಾಟಿದರೆ ಇಡೀ ಪದರ ಜಾರುತ್ತದೆ.

ಗುಡ್ಡ ನಿಂತಿರುವುದು ಅದರ ಬುಡದ ಆಸರೆಯಿಂದ. ನೀರು ಹರಿದುಹೋಗುವುದು ತೋಡುಗಳಿಂದ. ರಸ್ತೆಗೋ ಮನೆಗೋ ಹೋಂಸ್ಟೇಗೋ ಜೆಸಿಬಿ ತಂದು ಬರೆಯನ್ನು ನೆಟ್ಟಗೆ ಕಡಿದರೆ ಆಸರೆ ಹೋಯಿತು. ಆ ಮಣ್ಣನ್ನು ತೋಡಿಗೆ ತುಂಬಿದರೆ ನೀರಿನ ದಾರಿಯೂ ಮುಚ್ಚಿತು. 2018ರ ಜುಲೈ 9ರಂದು ಕೊಡಗಿನಲ್ಲಿ ಸಣ್ಣ ಭೂಕಂಪವೊಂದು ಆಗಿದ್ದರಿಂದ ಆಗಸ್ಟ್‌ನ ಅನಾಹುತಕ್ಕೆ ಅದೇ ಕಾರಣವೆಂದು ಹಲವರು ನಂಬಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಸ್ಥಳ ನೋಡಿದ ಮೇಲೆ ಬೊಟ್ಟುಮಾಡಿದ್ದು ಅತಿಮಳೆಯ ಜೊತೆಗೆ ಮನುಷ್ಯರು ಇಳಿಜಾರಿನ ಸ್ವರೂಪವನ್ನೇ ಬದಲಿಸಿದ್ದರತ್ತ.

ಅನಾಹುತದಲ್ಲಿ ಮನುಷ್ಯರ ಪಾಲನ್ನು ತೋರಿಸುವ ಇಂಥ ಮಾತು ಹೊಸದಲ್ಲ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಚರ್ಚುಗಳಲ್ಲಿ ಸೇರಿದ್ದಾಗಲೇ ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪಕ್ಕೆ ನೆಲಸಮವಾಯಿತು. ಎಲ್ಲವೂ ಒಳ್ಳೆಯದಕ್ಕೇ ಎಂಬ ತತ್ತ್ವಜ್ಞಾನಕ್ಕೆ ಅಲ್ಲಿ ಎಲ್ಲಿದೆ ಅರ್ಥ ಎಂದು ಫ್ರೆಂಚ್ ಲೇಖಕ ವೋಲ್ಟೇರ್ ಕೇಳಿದ. ಮರುವರ್ಷ ಚಿಂತಕ ರೂಸೋ ಅವನಿಗೆ ಬರೆದ ಪತ್ರದಲ್ಲಿ ಬೇರೆಯೇ ಅಂಶ ಎತ್ತಿದ: ಅಷ್ಟೊಂದು ಬಹುಮಹಡಿ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ.

ಒಬ್ಬರ ಆಯ್ಕೆ, ಇನ್ನೊಬ್ಬರ ಪಾಡು

ಹಾಗಾದರೆ ಪ್ರಶ್ನೆ ಬಗೆಹರಿಯಿತೇ? ದೇವರು ಮನುಷ್ಯನಿಗೆ ಸ್ವಂತ ಇಚ್ಛೆ ಕೊಟ್ಟ, ಮನುಷ್ಯ ಅದನ್ನು ಕೆಡಿಸಿಕೊಂಡ ಎಂದು ಹೇಳಿ ಕೈತೊಳೆದುಕೊಳ್ಳಬಹುದೇ?

ಇಲ್ಲ. ಬರೆ ಕಡಿದದ್ದು ಮೇಲಿನವರು, ಮಣ್ಣು ಬಿದ್ದದ್ದು ಕೆಳಗಿನವರ ಮೇಲೆ. ಇಚ್ಛೆ ಒಬ್ಬರದು, ಸಂಕಟ ಇನ್ನೊಬ್ಬರದು. ಲೈನ್‌ಮನೆಯನ್ನು ಎಲ್ಲಿ ಕಟ್ಟಬೇಕೆಂದು ಕೂಲಿಕಾರರನ್ನು ಕೇಳಿ ಯಾರೂ ತೀರ್ಮಾನಿಸುವುದಿಲ್ಲ. ಇಚ್ಛಾಸ್ವಾತಂತ್ರ್ಯವೂ ಜಮೀನಿನಂತೆಯೇ ಎಲ್ಲರಿಗೂ ಸಮನಾಗಿ ಹಂಚಿಲ್ಲ. ಇನ್ನು ಯಾರೂ ಕಡಿಯದ ಗುಡ್ಡವೂ ಒಮ್ಮೊಮ್ಮೆ ಜಾರುತ್ತದೆ. ಅಲ್ಲಿ ಮನುಷ್ಯನ ಆಯ್ಕೆಯ ಮಾತೇ ಬರುವುದಿಲ್ಲ. ಸ್ವಂತ ಇಚ್ಛೆಯ ವಾದ ಕೇಡು ಮಾಡಿದವನ ಹೊಣೆಯನ್ನು ತೋರಿಸುತ್ತದೆ. ನೊಂದವನು ಏಕೆ ನೊಂದ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

1934ರ ವಾದ

ಕೇಡನ್ನು ಶಿಕ್ಷೆಯೆಂದು ಓದುವುದರ ಅಪಾಯ ನಮ್ಮ ದೇಶದಲ್ಲೇ ಒಮ್ಮೆ ದೊಡ್ಡವರಿಬ್ಬರ ನಡುವೆ ಚರ್ಚೆಯಾಯಿತು. 1934ರ ಜನವರಿ 15ರಂದು ಬಿಹಾರದಲ್ಲಿ ಭಾರಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು ಗಾಂಧೀಜಿ. ಅಸ್ಪೃಶ್ಯತೆಯನ್ನು ಅವರಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಟಾಗೋರರು ಒಪ್ಪಲಿಲ್ಲ. ಭೌತಿಕ ಅನಾಹುತಕ್ಕೆ ಭೌತಿಕ ಕಾರಣವೇ ಇರುತ್ತದೆ. ಈ ತರ್ಕ ಹಿಡಿದರೆ ನಾಳೆ ಸಂಪ್ರದಾಯವಾದಿಗಳು ಅದೇ ಭೂಕಂಪವನ್ನು ಗಾಂಧಿಯವರ ಸುಧಾರಣೆಗೇ ಬಂದ ಶಿಕ್ಷೆ ಎನ್ನಬಹುದು ಎಂಬುದು ಅವರ ಆಕ್ಷೇಪ. ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಅದನ್ನು ಅಚ್ಚುಹಾಕಿದರು, ತಮ್ಮ ನಂಬಿಕೆಗೇ ಅಂಟಿಕೊಂಡು ಉತ್ತರವನ್ನೂ ಬರೆದರು.

ಗಾಂಧೀಜಿಯ ಉದ್ದೇಶ ಸವರ್ಣೀಯರ ಆತ್ಮಸಾಕ್ಷಿಯನ್ನು ಕುಟುಕುವುದು. ಆದರೆ ಬಿಹಾರದ ಅವಶೇಷಗಳಡಿ ಅಸ್ಪೃಶ್ಯತೆ ಆಚರಿಸಿದವರ ಜೊತೆ ಅದನ್ನು ಅನುಭವಿಸಿದವರೂ ಸತ್ತಿದ್ದರು. ನೆಲ ನಡುಗುವಾಗ ಪಾಪಿ ಯಾರೆಂದು ನೋಡುವುದಿಲ್ಲ.

ಕಾವೇರಿಯ ಕತೆಯಲ್ಲಿ

ಅನಾಹುತ ಶಿಕ್ಷೆಯಲ್ಲ ಎಂಬ ನೋಟಕ್ಕೆ ಕೊಡಗಿನ ನಂಬಿಕೆಯೊಳಗೆ ಜಾಗ ಇಲ್ಲವೇ? ಕತೆ ನೋಡಿ. ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದೆಂಬ ಷರತ್ತಿನ ಮೇಲೆ ಕಾವೇರಿ ಅಗಸ್ತ್ಯರನ್ನು ಮದುವೆಯಾಗುತ್ತಾಳೆ. ಅವರು ಅವಳನ್ನು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋಗುತ್ತಾರೆ. ಮಾತು ಮುರಿಯಿತು, ಅವಳು ಹರಿದು ಹೊರಟಳು. ಮುನಿಯ ತಪಸ್ಸು ಅವಳನ್ನು ತಡೆಯಲಿಲ್ಲ. ಬಲಮುರಿಯಲ್ಲಿ ಕೊಡವರು ತಡೆಯಲು ನಿಂತಾಗ ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು, ಕೊಡವತಿಯರು ಇಂದಿಗೂ ಹಾಗೆಯೇ ಉಡುತ್ತಾರೆ ಎನ್ನುತ್ತದೆ ಐತಿಹ್ಯ. ಈ ದೇವಿ ಯಾರ ಅಂಕೆಗೂ ಸಿಗುವವಳಲ್ಲ, ಯಾರನ್ನೂ ಅಂಕೆಯಲ್ಲಿಟ್ಟವಳೂ ಅಲ್ಲ. ಪಾಪಿಗಳನ್ನು ಹುಡುಕಿ ಮುಳುಗಿಸಲು ಹೊರಟವಳಂತೂ ಅಲ್ಲವೇ ಅಲ್ಲ. ಅವಳನ್ನು ಪೂಜಿಸಲು ಅವಳೇ ಬೆಟ್ಟ ಕೆಡವಿದಳೆಂದು ನಂಬಬೇಕಾಗಿಲ್ಲ.

ಆಸ್ತಿಕರೂ ನಾಸ್ತಿಕರೂ ಕೂಡಿ ಕೇಳಬಹುದಾದ ಪ್ರಶ್ನೆಗಳಿವೆ: ಬರೆಯನ್ನು ಯಾರು ಕಡಿಸಿದರು? ಅನುಮತಿ ಯಾರದು? ತೋಡು ಮುಚ್ಚಿದ್ದು ಯಾರು? ಬುಡದಲ್ಲಿ ಮನೆ ಯಾರಿಗಿತ್ತು? ಇವಕ್ಕೆ ಉತ್ತರ ಸಿಕ್ಕ ಮೇಲೂ ದೇವರ ಪ್ರಶ್ನೆ ಉಳಿಯುತ್ತದೆ, ಉಳಿಯಲಿ. ‘ಹಣೆಬರಹಕ್ಕೆ ಹೊಣೆ ಯಾರು’ ಎಂಬ ಗಾದೆಯನ್ನು ಯಾರ ಬಾಯಿಂದ ಕೇಳುತ್ತಿದ್ದೇವೆ ಎಂಬುದನ್ನು ಮಾತ್ರ ಮರೆಯಬಾರದು. ಮನೆ ಕಳೆದುಕೊಂಡವಳು ಹೇಳಿದರೆ ಅದು ಬದುಕು ಮುಂದುವರಿಸಲು ಅವಳು ಕಂಡುಕೊಂಡ ಸಮಾಧಾನ. ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಬರೆ ಕಡಿಸಿದವನು ಹೇಳಿದರೆ ಅದು ನುಣುಚಿಕೊಳ್ಳುವ ಉಪಾಯ. ಅವನಿಂದ ಲೆಕ್ಕ ಕೇಳಲೇಬೇಕು.