ಮುಪ್ಪು, ಹೊಣೆ ಮತ್ತು ಸಾರ್ವಜನಿಕ ನೀತಿ: ಜನಪದ ಜ್ಞಾನದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಮುಪ್ಪನ್ನು ಕುರಿತ ಜನಪದರ ನಿಲುವು ಏಕಮುಖವಾದುದಲ್ಲ. ಹಿರಿಯರಿಲ್ಲದ ಮನೆಯನ್ನು ಗುರುವಿಲ್ಲದ ಮಠಕ್ಕೆ ಹೋಲಿಸುವ ಗಾದೆಯನ್ನು ಕಟ್ಟಿದ ಜನರೇ ‘ಅರವತ್ತಕ್ಕೆ ಅರಳು ಮರಳು’ ಎಂದೂ ಹೇಳಿದ್ದಾರೆ. ‘ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ’ ಎಂದು ನಿಷ್ಠುರವಾಗಿ ನುಡಿದಿದ್ದಾರೆ. ಜಗತ್ತಿನ ಜನಪದ ಕಥೆಗಳ ವರ್ಗಸೂಚಿಯಲ್ಲಿ 981ನೆಯ ಸಂಖ್ಯೆಯ ವರ್ಗವೊಂದಿದೆ. ಮುದುಕರನ್ನೆಲ್ಲ ಕೊಲ್ಲಬೇಕೆಂದು ರಾಜಾಜ್ಞೆಯಾಗುತ್ತದೆ. ಮಗನೊಬ್ಬ ತಂದೆಯನ್ನು ಬಚ್ಚಿಡುತ್ತಾನೆ. ರಾಜ್ಯಕ್ಕೆ ಸಂಕಟ ಒದಗಿದಾಗ ಬಚ್ಚಿಟ್ಟ ಮುದುಕನ ತಿಳಿವಳಿಕೆಯೇ ಎಲ್ಲರನ್ನೂ ಕಾಯುತ್ತದೆ. ಈ ಕಥೆಯಲ್ಲಿ ಮುದುಕನಿಗೆ ಗೌರವ ದೊರೆಯುವುದು ಅವನ ವಯಸ್ಸಿನಿಂದಲ್ಲ, ಅವನಲ್ಲಿರುವುದು ಊರಿಗೆ ಬೇಕಾಗಿರುವುದರಿಂದ. ಹಿರಿಯರ ಸ್ಥಾನವು ಅವರ ಹೊಣೆಯೊಡನೆ ಹೆಣೆದುಕೊಂಡಿದೆ ಎಂಬ ಈ ಅರಿವನ್ನು ಇಂದಿನ ವೃದ್ಧಾಪ್ಯ ನೀತಿಯೊಂದಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ಮೀರಿದವರ ಸಂಖ್ಯೆ 10 ಕೋಟಿಯನ್ನು ದಾಟಿತ್ತು. 1999ರಲ್ಲಿ ವೃದ್ಧರನ್ನು ಕುರಿತ ರಾಷ್ಟ್ರೀಯ ನೀತಿ ಪ್ರಕಟವಾಯಿತು. 2007ರಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂದಿತು. ಅದೇ ವರ್ಷ ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಆರಂಭವಾಯಿತು. 2010–11ರಿಂದ ಹಿರಿಯರ ಆರೋಗ್ಯ ರಕ್ಷಣೆಗೆ ಪ್ರತ್ಯೇಕ ರಾಷ್ಟ್ರೀಯ ಕಾರ್ಯಕ್ರಮವೂ ಜಾರಿಗೆ ಬಂದಿತು. ಇವು ಅಗತ್ಯವಾದ ಕ್ರಮಗಳೇ. ಆದರೆ ಇವುಗಳ ಅನುಷ್ಠಾನದಲ್ಲಿ ವೃದ್ಧರು ಬಹುಮಟ್ಟಿಗೆ ಫಲಾನುಭವಿಗಳಾಗಿ ಮಾತ್ರ ಕಾಣಿಸಿಕೊಳ್ಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಮಂಡಿಸಿದ ‘ಸಕ್ರಿಯ ವೃದ್ಧಾಪ್ಯ’ದ ಪರಿಕಲ್ಪನೆಗೆ ಆರೋಗ್ಯ, ಭದ್ರತೆ ಮತ್ತು ಭಾಗವಹಿಸುವಿಕೆ ಎಂಬ ಮೂರು ಆಧಾರಗಳಿವೆ. ಅದೇ ಸಂಸ್ಥೆಯ 2015ರ ವರದಿಯು ‘ಆರೋಗ್ಯಕರ ವೃದ್ಧಾಪ್ಯ’ವೆಂದರೆ ರೋಗವಿಲ್ಲದಿರುವುದಲ್ಲ, ತಾನು ಬೆಲೆಕೊಡುವ ಕೆಲಸಗಳನ್ನು ಮಾಡುವ ಸಾಮರ್ಥ್ಯವನ್ನು ಉಳಿಸಿಕೊಳ್ಳುವುದು ಎಂದು ವಿವರಿಸಿತು. ಈ ಸಾಮರ್ಥ್ಯವು ದೇಹ ಮನಸ್ಸುಗಳ ಶಕ್ತಿಯಿಂದ ಮಾತ್ರವಲ್ಲದೆ ಸುತ್ತಲಿನ ಪರಿಸರದಿಂದಲೂ ಒದಗುತ್ತದೆ. 2021ರಿಂದ 2030ರವರೆಗಿನ ಅವಧಿಯನ್ನು ವಿಶ್ವಸಂಸ್ಥೆ ಆರೋಗ್ಯಕರ ವೃದ್ಧಾಪ್ಯದ ದಶಕವೆಂದು ಘೋಷಿಸಿರುವುದು ಈ ತಿಳಿವಳಿಕೆಯ ಮುಂದುವರಿಕೆಯೇ ಆಗಿದೆ. ಮೇಲೆ ಹೇಳಿದ ಮೂರು ಆಧಾರಗಳಲ್ಲಿ ನಮ್ಮ ಯೋಜನೆಗಳು ಆರೋಗ್ಯವನ್ನೂ ಭದ್ರತೆಯನ್ನೂ ಮುಟ್ಟುತ್ತವೆ. ಮೂರನೆಯದಾದ ಭಾಗವಹಿಸುವಿಕೆಯನ್ನು ತಲುಪುವುದು ವಿರಳ. ಇದರ ಪರಿಣಾಮವನ್ನು ಸೂಲಗಿತ್ತಿಯರ ನಿದರ್ಶನದಲ್ಲಿ ಸ್ಪಷ್ಟವಾಗಿ ಕಾಣಬಹುದು.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಸಾವಿರಾರು ಹೆರಿಗೆಗಳನ್ನು ಮಾಡಿಸಿದ ಅವರಂಥವರ ವಿದ್ಯೆಯಲ್ಲಿ ವಯಸ್ಸು ಹೆಚ್ಚಿದಷ್ಟೂ ಅನುಭವವೂ ಅದರೊಡನೆ ನಂಬಿಕೆಯೂ ಹೆಚ್ಚುತ್ತಿತ್ತು. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನ ಮತ್ತು ಜನನಿ ಸುರಕ್ಷಾ ಯೋಜನೆಗಳು ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ಸಾಗಿಸುವುದಕ್ಕೆ ಒತ್ತುಕೊಟ್ಟವು. ಇದರ ಫಲವನ್ನು ಅಲ್ಲಗಳೆಯಲಾಗದು. ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣದ ಪ್ರಮಾಣ 2004–06ರಲ್ಲಿ 213 ಇದ್ದುದು 2018–20ರ ವೇಳೆಗೆ 69ಕ್ಕೆ ಇಳಿದಿತ್ತು. ಅನೇಕ ಕಾರಣಗಳು ಕೂಡಿ ಸಾಧ್ಯವಾದ ಈ ಇಳಿಕೆಯಲ್ಲಿ ಆಸ್ಪತ್ರೆಯ ಹೆರಿಗೆಯ ಪಾಲು ದೊಡ್ಡದು. ಆದ್ದರಿಂದ ಸೂಲಗಿತ್ತಿಯರ ಕಾಲ ಮರಳಲಿ ಎಂಬ ವಾದ ಸಲ್ಲದು.

ಪ್ರಶ್ನೆಯಿರುವುದು ಬೇರೆಡೆ. ಅದೇ ಅಭಿಯಾನವು ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಆಶಾ ಕಾರ್ಯಕರ್ತೆಯೆಂಬ ಹೊಸ ಹೊಣೆಯನ್ನು ಸೃಷ್ಟಿಸಿತು. ಆದರೆ ಆಯ್ಕೆಯಲ್ಲಿ 25ರಿಂದ 45 ವರ್ಷದವರಿಗೆ, ಓದುಬರಹ ಬಲ್ಲವರಿಗೆ ಆದ್ಯತೆ ನೀಡಿತು. ಹೀಗಾಗಿ ಅಕ್ಷರ ಬಾರದ ಹಿರಿಯ ಸೂಲಗಿತ್ತಿ ಹಳೆಯ ಹೊಣೆಯನ್ನು ಕಳೆದುಕೊಂಡಳು, ಹೊಸ ಹೊಣೆಗೆ ಅನರ್ಹಳಾದಳು. ತಾಯಿಯ ಜೀವ ಉಳಿಸಿದ ನೀತಿಯೇ ಅಜ್ಜಿಯ ಸ್ಥಾನವನ್ನು ತೆಗೆಯಿತು. ಆ ಸ್ಥಾನಕ್ಕೆ ಬದಲಾಗಿ ಏನನ್ನೂ ಕೊಡಲಿಲ್ಲ. ಪಿಂಚಣಿ ಆಕೆಯ ಹಸಿವಿಗೆ ಉತ್ತರವಾಗಬಹುದು, ತೆರವಾದ ಸ್ಥಾನಕ್ಕೆ ಉತ್ತರವಾಗದು. ಬದಲಿ ಹೊಣೆ ಅಸಾಧ್ಯವೇನಲ್ಲ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಗರ್ಭಿಣಿಯ ಬಳಿ ಒಬ್ಬ ಜೊತೆಗಾತಿ ಇರುವುದಕ್ಕೆ ಅನುಮತಿ ನೀಡಿತು. ಧೈರ್ಯ ಹೇಳುವ, ಬೆನ್ನು ನೀವುವ, ಬಾಣಂತಿಗೆ ಹಾಲೂಡಿಸುವುದನ್ನು ಕಲಿಸುವ ಈ ಕೆಲಸ ಸೂಲಗಿತ್ತಿಯರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದೇ. ಅವರಿಗೆ ತರಬೇತಿ ಮತ್ತು ಗೌರವಧನ ನೀಡಿ ಈ ಹೊಣೆಯನ್ನು ವಹಿಸಿಕೊಡಬಹುದು.

ಎರಡನೆಯ ನಿದರ್ಶನ ತೊಗಲುಗೊಂಬೆಯಾಟದ್ದು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು 96. ಇದು ಕುಟುಂಬದ ಕಲೆ. ಪರದೆಯ ಹಿಂದೆ ಗೊಂಬೆ ಆಡಿಸುವವರು, ಹಾಡುವವರು, ಮದ್ದಳೆ ತಾಳ ಹಿಡಿಯುವವರು ಒಂದೇ ಮನೆಯವರಾಗಿರುತ್ತಾರೆ. ಕೈ ಸೋತವರು ಹಾಡಿಗೆ ಸರಿಯುತ್ತಾರೆ, ದನಿ ಸೋತವರು ಕಥೆಯ ಎಳೆ ತಪ್ಪದಂತೆ ನೋಡಿಕೊಳ್ಳುತ್ತಾರೆ. ದೇಹ ಕುಗ್ಗಿದಂತೆ ಹೊಣೆ ಬದಲಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. 2015ರ ವರದಿ ಪರಿಸರದ ನೆರವು ಎಂದು ಕರೆದುದನ್ನು ಈ ಕುಟುಂಬಗಳು ತಮ್ಮ ರಂಗದಲ್ಲಿ ರೂಢಿಸಿಕೊಂಡಿವೆ.

ನಮ್ಮ ಕಲಾವಿದರ ಮಾಸಾಶನಕ್ಕೆ ಈ ದೃಷ್ಟಿ ಬಂದಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವು ಸಂಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಆಸರೆಯಾಗಿದೆ. ಆದರೆ ಅದು ಕಲಾವಿದ ಹಿಂದೆ ಮಾಡಿದ ಸಾಧನೆಗೆ ಸಲ್ಲುವ ನೆರವು. ಇದಕ್ಕೆ ಭಿನ್ನವಾಗಿ ಜಪಾನಿನಲ್ಲಿ ‘ಜೀವಂತ ರಾಷ್ಟ್ರೀಯ ನಿಧಿ’ಗಳೆಂದು ಕರೆಯಲಾಗುವ ಕಲಾವಿದರಿಗೆ ವರ್ಷಕ್ಕೆ 20 ಲಕ್ಷ ಯೆನ್ ದೊರೆಯುವುದು ಕಲೆಯನ್ನು ಬೆಳೆಸಿ ಉತ್ತರಾಧಿಕಾರಿಗಳನ್ನು ತಯಾರು ಮಾಡುವುದಕ್ಕಾಗಿ. ದಕ್ಷಿಣ ಕೊರಿಯಾದಲ್ಲಿ 1962ರ ಕಾನೂನಿನಿಂದ ಬೆಳೆದುಬಂದ ವ್ಯವಸ್ಥೆಯಲ್ಲಿ ಮಾನ್ಯತೆ ಪಡೆದ ಹಿರಿಯರಿಗೆ ಮಾಸಿಕ ನೆರವಿನೊಡನೆ ಕಲಿಸುವ ಹೊಣೆಯೂ ಇದೆ. ಕಲಿಸಲಾಗದಷ್ಟು ವಯಸ್ಸಾದವರಿಗೆ ಗೌರವ ಸ್ಥಾನವಿದೆ. ನಮ್ಮ ವಲಯ ಸಾಂಸ್ಕೃತಿಕ ಕೇಂದ್ರಗಳ ಗುರುಶಿಷ್ಯ ಪರಂಪರೆ ಯೋಜನೆಯ ಆಶಯವೂ ಇದೇ ಆಗಿದ್ದರೂ ಅದು ಸಂಸ್ಕೃತಿ ಇಲಾಖೆಯ ಕಡತದಲ್ಲಿ ಉಳಿದಿದೆ, ವೃದ್ಧಾಪ್ಯ ನೀತಿಯ ಭಾಗವಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಸಕ್ರಿಯ’ ಎಂಬ ಪದವು ಮುದುಕರನ್ನು ದುಡಿಸುವ ನೆಪವಾಗಬಾರದು. ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500 ರೂಪಾಯಿ ಮಾತ್ರ. ಭದ್ರತೆ ಇಷ್ಟು ತೆಳುವಾಗಿರುವಲ್ಲಿ ಭಾಗವಹಿಸುವಿಕೆ ಆಯ್ಕೆಯಾಗಿ ಉಳಿಯದೆ ಹೊಟ್ಟೆಪಾಡಾಗುತ್ತದೆ. ಮಾಸಾಶನ ಯಾವ ಷರತ್ತೂ ಇಲ್ಲದೆ ದೊರೆಯಬೇಕು. ಕಲಿಸುವವರಿಗೆ ಗೌರವಧನ ಅದರ ಮೇಲೆ ಪ್ರತ್ಯೇಕವಾಗಿ ಸಲ್ಲಬೇಕು. ಕಲಿಕೆಯ ಜಾಗ ಹಿರಿಯರ ಊರಿನಲ್ಲೇ, ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇರಬೇಕು. ಜಿಲ್ಲಾ ಆಸ್ಪತ್ರೆಯ ವೃದ್ಧರ ಚಿಕಿತ್ಸಾಲಯದಲ್ಲಿ ಕನ್ನಡಕ, ಶ್ರವಣ ಸಾಧನ, ದಂತಪಂಕ್ತಿಗಳು ಸಿಗಬೇಕು. ಹಲ್ಲು ಹೋದ ಹಾಡುಗಾರ್ತಿಗೆ ದಂತಪಂಕ್ತಿಯೇ ಸಾಂಸ್ಕೃತಿಕ ಯೋಜನೆ.

ಒಟ್ಟಿನಲ್ಲಿ, ಯಾವುದೇ ಹೊಸ ನೀತಿಯನ್ನು ರೂಪಿಸುವಾಗ ಅದರಿಂದ ಯಾವ ಹಿರಿಯರ ಯಾವ ಹೊಣೆ ತೆರವಾಗುತ್ತದೆ, ಅದಕ್ಕೆ ಬದಲಾಗಿ ಯಾವ ಹೊಣೆಯನ್ನು ಕೊಡಲಾಗುತ್ತದೆ ಎಂದು ಕೇಳುವ ಪದ್ಧತಿ ಆಡಳಿತದಲ್ಲಿ ಬೆಳೆಯಬೇಕಾಗಿದೆ. ಅಂಥ ಹೊಣೆಗಳನ್ನು ಗುರುತಿಸಿ ದಾಖಲಿಸುವ ಕೆಲಸ ಜಾನಪದ ವಿದ್ವಾಂಸರದು. ಹಾಡು ಕಥೆಗಳನ್ನು ಸಂಗ್ರಹಿಸುವಾಗ ಹಾಡಿದವರ ವಯಸ್ಸನ್ನು ಬರೆದುಕೊಳ್ಳುವ ನಾವು ಆ ವಯಸ್ಸಿನಲ್ಲಿ ಅವರಿಗೆ ಊರಿನಲ್ಲಿರುವ ಸ್ಥಾನವನ್ನೂ ಬರೆದುಕೊಳ್ಳಬೇಕು. ನೀತಿ ನಿರೂಪಕರಿಗೆ ಬೇಕಾದ ಆಧಾರಸಾಮಗ್ರಿ ಅಲ್ಲಿಂದಲೇ ದೊರೆಯಬೇಕಾಗಿದೆ.