ಬೊಂಬೆಗೆ ಬಿದ್ದ ಏಟು

ಹೊಡೆದಾಟದ ಚಲನಚಿತ್ರವೊಂದನ್ನು ನೋಡಿ ಹೊರಬಂದ ಹುಡುಗರ ನಡಿಗೆಯೇ ಬೇರೆಯಾಗಿರುತ್ತದೆ. ಎದೆ ಸೆಟೆದಿರುತ್ತದೆ; ನಾಯಕನ ಮಾತು ಅವನದೇ ಧಾಟಿಯಲ್ಲಿ ಬಾಯಿಗೆ ಬರುತ್ತದೆ; ಜೊತೆಗಾರನ ಬೆನ್ನಿಗೆ ಹುಸಿ ಗುದ್ದೊಂದು ಬೀಳುತ್ತದೆ. ಮನೆ ತಲಪುವಷ್ಟರಲ್ಲಿ ಈ ಆವೇಶ ಇಳಿದುಹೋಗುವುದೂ ಉಂಟು. ಆದರೆ ತೆರೆಯ ಮೇಲೆ ಕಂಡ ಹಿಂಸೆ ಪೂರ್ತಿಯಾಗಿ ಮರೆತುಹೋಗುವುದೇ, ಇಲ್ಲವೆ ಮನಸ್ಸಿನ ಮೂಲೆಯಲ್ಲೆಲ್ಲೋ ಉಳಿದು ಸಮಯ ಕಾಯುವುದೇ?

ಈ ಪ್ರಶ್ನೆಯನ್ನು ಪ್ರಯೋಗದ ಒರೆಗೆ ಹಚ್ಚಿದವರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಪ್ರಮುಖರು. ಅವರೂ ಅವರ ಸಹೋದ್ಯೋಗಿಗಳೂ ನಡೆಸಿದ ಮೊದಲ ಪ್ರಯೋಗದ ವರದಿ 1961ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಾಲ್ಗೊಂಡವರು ಶಿಶುವಿಹಾರದ 72 ಮಕ್ಕಳು. ಅರ್ಧದಷ್ಟು ಹುಡುಗರು, ಅರ್ಧದಷ್ಟು ಹುಡುಗಿಯರು. ಗಾಳಿ ತುಂಬಿದ ದೊಡ್ಡ ಬೊಂಬೆಯೊಂದನ್ನು ಕೋಣೆಯಲ್ಲಿ ನಿಲ್ಲಿಸಲಾಗಿತ್ತು. ನಮ್ಮ ತಂಜಾವೂರು ಬೊಂಬೆಯಂತೆ, ಕೆಡವಿದರೂ ತಾನೇ ಎದ್ದು ನಿಲ್ಲುವ ಬೊಂಬೆ ಅದು. ಕೆಲವು ಮಕ್ಕಳ ಕಣ್ಣೆದುರಿಗೆ ದೊಡ್ಡವರೊಬ್ಬರು ಅದನ್ನು ಗುದ್ದಿದರು, ಒದ್ದರು, ಕೊಡತಿಯಿಂದ ತಲೆಗೆ ಬಡಿದರು. ಬಳಿಕ ಮಕ್ಕಳನ್ನು ಅಂಥದೇ ಬೊಂಬೆಯೂ ಬೇರೆ ಬೇರೆ ಆಟಿಕೆಗಳೂ ಇದ್ದ ಇನ್ನೊಂದು ಕೋಣೆಗೆ ಬಿಟ್ಟು, ಮರೆಯಿಂದ 20 ನಿಮಿಷ ಗಮನಿಸಲಾಯಿತು. ಹೊಡೆತವನ್ನು ಕಂಡಿದ್ದ ಅನೇಕ ಮಕ್ಕಳು ಅದೇ ರೀತಿಯಲ್ಲಿ, ಅದೇ ಮಾತುಗಳನ್ನಾಡುತ್ತ ಬೊಂಬೆಯನ್ನು ಬಡಿದರು. ಕೈಕಾಲಿನ ಹೊಡೆತದಲ್ಲಿ ಹುಡುಗರು ಮುಂದು. ಹೊಡೆದವನು ಗಂಡಸಾಗಿದ್ದರೆ ಇನ್ನೂ ಮುಂದು.

1963ರಲ್ಲಿ ವರದಿಯಾದ ಎರಡನೆಯ ಪ್ರಯೋಗದಲ್ಲಿ ಇದೇ ದೃಶ್ಯವನ್ನು ಕೆಲವರಿಗೆ ಚಲನಚಿತ್ರದಲ್ಲಿ ತೋರಿಸಲಾಯಿತು. ಚಿತ್ರ ನೋಡಿದ ಮಕ್ಕಳು, ಏನನ್ನೂ ನೋಡದಿದ್ದವರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಆಕ್ರಮಣ ಪ್ರವೃತ್ತಿಯನ್ನು ತೋರಿದರು. ಎದುರಿಗೆ ನಿಂತ ಮನುಷ್ಯನಿಗಿಂತ ತೆರೆಯ ನೆರಳು ಕಡಮೆಯ ಗುರುವೇನೂ ಆಗಿರಲಿಲ್ಲ.

ಬೊಂಬೆ ಇರುವುದೇ ಬಡಿಯುವುದಕ್ಕೆ, ಅದಕ್ಕೆ ನೋವಿಲ್ಲ, ಅದನ್ನು ಹೊಡೆದವನು ನಾಳೆ ಮನುಷ್ಯನನ್ನೂ ಹೊಡೆಯುವನೆಂದು ಹೇಳಲಾಗದು ಎಂಬ ಆಕ್ಷೇಪ ಬಂದಿತು. ಆಕ್ಷೇಪ ನ್ಯಾಯವಾದುದೇ. ನಿಜಜೀವನವನ್ನು ಕುರಿತ ಅಧ್ಯಯನಗಳು ಒಂದೇ ಮಾತನ್ನು ಹೇಳುವುದಿಲ್ಲ. ನ್ಯೂಯಾರ್ಕ್ ಸಂಸ್ಥಾನದ ಕೊಲಂಬಿಯಾ ಎಂಬ ಗ್ರಾಮಾಂತರ ಜಿಲ್ಲೆಯಲ್ಲಿ 1960ರಲ್ಲಿ ಆರಂಭವಾದ ಅಧ್ಯಯನವೊಂದು, ಎಂಟರ ಪ್ರಾಯದಲ್ಲಿ ಹಿಂಸೆಯ ಟೆಲಿವಿಷನ್ ಕಾರ್ಯಕ್ರಮಗಳನ್ನು ಮೆಚ್ಚುತ್ತಿದ್ದ ಹುಡುಗರು ಹತ್ತು ವರ್ಷಗಳ ಅನಂತರ ಹೆಚ್ಚು ಜಗಳಗಂಟರಾಗಿದ್ದುದನ್ನು ಕಂಡಿತು. ಹುಡುಗಿಯರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಇತ್ತ 2019ರಲ್ಲಿ ಬ್ರಿಟನ್ನಿನ 14-15 ವರ್ಷದವರನ್ನು ಕುರಿತು ಪ್ರಕಟವಾದ ಅಧ್ಯಯನಕ್ಕೆ, ಹಿಂಸೆಯ ವೀಡಿಯೊ ಆಟಗಳಿಗೂ ಅವರ ನಡತೆಗೂ ನಂಟೇ ಸಿಗಲಿಲ್ಲ. ಬಡತನ, ಮನೆಯಲ್ಲಿನ ಹೊಡೆತ, ಕೆಟ್ಟ ಸಹವಾಸ ಮೊದಲಾದ ಕಾರಣಗಳನ್ನು ಬದಿಗಿರಿಸಿ ಎಲ್ಲ ಹೊಣೆಯನ್ನೂ ತೆರೆಯ ಮೇಲೆ ಹೊರಿಸುವುದು ಸುಲಭ, ಆದರೆ ಸರಿಯಲ್ಲ.

ಹಾಗಾದರೆ ತೆರೆ ಏನನ್ನು ಕಲಿಸುತ್ತದೆ? ಇದಕ್ಕೆ ಬಂಡೂರಾ ಅವರ 1965ರ ಪ್ರಯೋಗದಲ್ಲಿ ಒಂದು ಸೂಕ್ಷ್ಮವಾದ ಉತ್ತರವಿದೆ. ಈ ಸಲ ಒಂದೇ ಚಿತ್ರಕ್ಕೆ ಮೂರು ಮುಕ್ತಾಯಗಳಿದ್ದವು. ಒಂದರಲ್ಲಿ, ಬೊಂಬೆಯನ್ನು ಬಡಿದವನಿಗೆ ಹೊಗಳಿಕೆಯೂ ಸಿಹಿತಿನಿಸೂ ದೊರೆತವು. ಇನ್ನೊಂದರಲ್ಲಿ ಬೈಗಳೂ ಪೆಟ್ಟೂ ಬಿದ್ದವು. ಮತ್ತೊಂದರಲ್ಲಿ ಏನೂ ಆಗಲಿಲ್ಲ. ಶಿಕ್ಷೆಯನ್ನು ಕಂಡ ಮಕ್ಕಳು ಬೊಂಬೆಯ ತಂಟೆಗೆ ಹೋದದ್ದು ಕಡಮೆ. ಅವರಲ್ಲಿ ಹುಡುಗಿಯರಂತೂ ಬಹಳ ಕಡಮೆ. ಪ್ರಯೋಗ ಅಲ್ಲಿಗೇ ಮುಗಿದಿದ್ದರೆ, ಅವರು ಏನನ್ನೂ ಕಲಿಯಲಿಲ್ಲವೆಂದು ತೀರ್ಮಾನಿಸಬಹುದಾಗಿತ್ತು. ಆದರೆ ಅನಂತರ, ಚಿತ್ರದಲ್ಲಿ ಕಂಡುದನ್ನು ಮಾಡಿ ತೋರಿಸಿದರೆ ಹಣ್ಣಿನ ರಸವನ್ನೂ ಚಿತ್ರದ ಚೀಟಿಗಳನ್ನೂ ಕೊಡುವುದಾಗಿ ಹೇಳಲಾಯಿತು. ಆಗ ಮೂರೂ ಗುಂಪಿನ ಮಕ್ಕಳು ಸರಿಸಮವಾಗಿ ಮಾಡಿ ತೋರಿಸಿದರು. ಹುಡುಗರಿಗೂ ಹುಡುಗಿಯರಿಗೂ ಇದ್ದ ಅಂತರವೂ ಬಹುಮಟ್ಟಿಗೆ ಅಳಿಸಿಹೋಯಿತು.

ಎಂದರೆ ಎಲ್ಲರೂ ಕಲಿತಿದ್ದರು. ಕೆಲವರು ಮಾಡಿರಲಿಲ್ಲ, ಅಷ್ಟೆ. ಹೊಡೆಯುವ ವಿದ್ಯೆ ಹುಡುಗರಿಗೆ ಹುಟ್ಟಿನಿಂದಲೇ ಬಂದದ್ದೆಂದು ಹೇಳುವವರು ಈ ಫಲಿತಾಂಶವನ್ನು ಗಮನಿಸಬೇಕು. ಕಣ್ಣು ಎಲ್ಲವನ್ನೂ ಸಂಗ್ರಹಿಸುತ್ತದೆ. ಕೈ ಮಾತ್ರ, ಹೊಡೆದರೆ ಮೆಚ್ಚುವರೋ ತೆಗಳುವರೋ ಎಂದು ಸುತ್ತಲೂ ನೋಡಿಕೊಂಡು ಮುಂದುವರಿಯುತ್ತದೆ. ಹುಡುಗನು ಹೊಡೆದು ಬಂದರೆ ‘ಗಂಡುಮಗು’ ಎಂದು ನಗುವ ಮನೆಯಲ್ಲಿ, ಅತ್ತು ಬಂದರೆ ಹೀಯಾಳಿಸುವ ಗೆಳೆಯರ ನಡುವೆ, ಆ ಅನುಮತಿ ಅವನಿಗೆ ಎಂದೋ ದೊರೆತಿರುತ್ತದೆ.

ಚಲನಚಿತ್ರಗಳಲ್ಲಿ ನಾಯಕನ ಹೊಡೆತಕ್ಕೆ ದೊರೆಯುವುದು ಚಪ್ಪಾಳೆ, ಸಿಳ್ಳೆ, ಕೊನೆಗೆ ನಾಯಕಿಯ ಒಲುಮೆ. ಪೊಲೀಸರು ಬರುವುದು ಎಲ್ಲ ಮುಗಿದ ಮೇಲೆ. ಏಟು ತಿಂದು ಬಿದ್ದವನ ದವಡೆ ಮುರಿದಿದೆಯೇ, ಅವನನ್ನು ಆಸ್ಪತ್ರೆಗೆ ಹೊತ್ತವರಾರು, ಅವನ ಮನೆಯವರು ಆ ರಾತ್ರಿ ಏನು ಮಾಡಿದರು ಎಂಬುದನ್ನು ತೋರಿಸುವ ಚಿತ್ರಗಳು ಬಹಳ ವಿರಳ.